ಸೋಮವಾರದ ಮಕ್ಕಳು

ಗುರುವಾರ, ಮಾರ್ಚ್ ೯
ಅಡುಗೆಮನೆ ಮೇಜಿನಿಂದ

ನನ್ನ ಪ್ರೀತಿಯ ಚಿನಕುರುಳಿಗೆ ಅಮ್ಮನ ನೂರು ಮುತ್ತು.

ಈ ಕಥೆಯನ್ನು ನಿನಗೆ ಮೊದಲು ಹೇಳಿದವಳು ನಮ್ಮ ಸಂಗ್ರಹಾಲಯದ ಟಿಕೆಟ್ ಅಕ್ಕ. ಹೋದ ಭಾನುವಾರ, ಊಟ ಮುಗಿಸಿ, ಕೌಂಟರಿನ ಕೆಳಗೆ ಕಾಲು ಚಾಚಿಕೊಂಡು, ಫೋನಿನಲ್ಲಿ. "ನಿಮ್ಮಮ್ಮ ರಜಾ ದಿನ ಬಂದು ಹುಳದ ಕೋಣೆಗೆ ಚಿಲಕ ಹಾಕ್ಕೊಂಡು ಕೂರ್ತಾಳೆ ಕಣೇ. ಒಬ್ಬಳೇ ಅಲ್ಲ, ಒಳಗೆ ಚೀಟಿ ಮೇಷ್ಟ್ರೂ ಇರ್ತಾರೆ!" ಅಂದಳಂತೆ. ಅಂದದ್ದನ್ನು ಅವಳೇ ಬಂದು ನನಗೆ ಹೆಮ್ಮೆಯಿಂದ ಒಪ್ಪಿಸಿದಳು. ಆಮೇಲೆ ನೀನು ಕಳಿಸಿದ್ದು ಮೂರೇ ಪದ: "ಅಮ್ಮಾ, ಏನಮ್ಮಾ ಇದು?"

ಅದಕ್ಕೆ ಫೋನಿನಲ್ಲಿ ಉತ್ತರ ಹೇಳಲು ಹೊರಟರೆ ನೀನು ಮಧ್ಯೆ ಮಧ್ಯೆ ನಗುತ್ತೀಯ, ನಾನು ಮಧ್ಯೆ ಮಧ್ಯೆ ಮರೆಯುತ್ತೇನೆ. ಹಾಗಾಗಿ ಕಾಗದ. ನಿನ್ನ ಹೆರಿಗೆ ವಾರ್ಡಿನಲ್ಲಿ ಯಾರೂ ನರ್ಸಮ್ಮಾ ಅಂತ ಕೂಗದ ಒಂದು ಗಳಿಗೆ ಸಿಕ್ಕರೆ ಕೂತು ಓದು. ಅಕ್ಕ ಹೇಳಿದ್ದರಲ್ಲಿ ಚಿಲಕ ನಿಜ, ರಜಾ ದಿನ ನಿಜ, ಮೇಷ್ಟ್ರು ನಿಜ. ಮಿಕ್ಕಿದ್ದು ಅವಳ ಸ್ವಂತ ಕೈರುಚಿ. ಅಲ್ಲಿ ನಡೆಯುತ್ತಿದ್ದದ್ದು ಒಂದು ಜೀವ ಉಳಿಸುವ ಕೆಲಸ. ಆ ಜೀವದ ಹೆಸರು ಸಣಕಲ.

ಇರು, ಬುಡದಿಂದ ಹೇಳುತ್ತೇನೆ.

ನಮ್ಮ ಸಂಗ್ರಹಾಲಯದ ಹಿಂದಿನ ಆ ಹುಳದ ಕೋಣೆಗೆ ಕಡ್ಡಿಹುಳಗಳು ಬಂದದ್ದು ಹತ್ತೊಂಬತ್ತು ವರ್ಷದ ಹಿಂದೆ, ಒಂದು ತಗಡಿನ ಡಬ್ಬಿಯಲ್ಲಿ, ಎಳ್ಳಿಗಿಂತ ಸ್ವಲ್ಪ ದಪ್ಪನೆಯ ಮೊಟ್ಟೆಗಳಾಗಿ. ನಿನಗಾಗ ಏಳು ವರ್ಷ. ಶಾಲೆ ಬಿಟ್ಟ ಮೇಲೆ ನನ್ನ ಸ್ಟೂಲಿನ ಪಕ್ಕ ಕೂತು ಮನೆಪಾಠ ಬರೆಯುತ್ತಿದ್ದೆ. ಒಂದು ದಿನ ಪೆನ್ಸಿಲು ಕಚ್ಚಿಕೊಂಡು ಕೇಳಿದೆ: "ಅಮ್ಮಾ, ಇವುಗಳಿಗೆ ಅಪ್ಪ ಇಲ್ವಾ?" ನಾನು "ಇಲ್ಲ ಮಗಳೇ, ಇವಕ್ಕೆ ಬೇಕಾಗಿಲ್ಲ" ಅಂದೆ. ನೀನು ಸ್ವಲ್ಪ ಯೋಚನೆ ಮಾಡಿ "ನಮ್ಮ ಥರ" ಅಂದು ಮಗ್ಗಿ ಬರೆಯಲು ಶುರು ಮಾಡಿದೆ. ಆ ಮಾತಿಗೆ ನಾನು ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ. ನಕ್ಕೆ ಅಂತಲೇ ಇಟ್ಟುಕೋ.

ನಿಜವಾಗಿಯೂ ಅವಕ್ಕೆ ಬೇಕಾಗಿರಲಿಲ್ಲ. ಹೆಣ್ಣು ಬೆಳೆಯುತ್ತಾಳೆ, ಗಂಡಿನ ಮುಖ ನೋಡದೆಯೇ ಮೊಟ್ಟೆ ಉದುರಿಸುತ್ತಾಳೆ, ಮೊಟ್ಟೆಯಿಂದ ಮತ್ತೆ ಹೆಣ್ಣೇ ಬರುತ್ತಾಳೆ, ತಾಯಿಯ ಪಡಿಯಚ್ಚು. ಹಿಂದಿನ ಗೋಡೆಯ ಪಕ್ಕ ನಾನು ಗುಲಾಬಿಯ ಕಡ್ಡಿ ಮುರಿದು ಮುರಿದು ನೆಟ್ಟೆನಲ್ಲ, ಮೂವತ್ತು ಗಿಡವೂ ಒಂದೇ ಗಿಡ, ಒಂದೇ ಬಣ್ಣ, ಒಂದೇ ವಾಸನೆ, ಹಾಗೆ. ಆ ಗುಲಾಬಿಯ ಎಲೆಯನ್ನೇ ಈ ಹೆಂಗಸರು ತಿಂದು ಕೊಬ್ಬುತ್ತಾರೆ. ನಮ್ಮಲ್ಲಿರುವ ಪುಸ್ತಕದಲ್ಲೂ ಈ ಹುಳದ ಚಿತ್ರದ ಕೆಳಗೆ ಒಂದೇ ಸಾಲು: ಗಂಡು ಕಂಡವರಿಲ್ಲ.

ಈಗ ನನ್ನ ಆಸ್ಪತ್ರೆ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ನೀನೂ ನೋಡಿದ್ದೀಯ, ಕಿಟಕಿಯ ಮೇಲಿದ್ದ ಆ ಗಿಡ್ಡ ಗಾಜಿನ ಡಬ್ಬಿ. ಮರಿಗಳಲ್ಲಿ ಯಾವುದಾದರೂ ಸೊರಗಿದ ಹಾಗೆ ಕಂಡರೆ, ಮಿಕ್ಕವರಿಗೆ ರೋಗ ಅಂಟದಿರಲಿ ಅಂತ ನಾನು ಅದನ್ನು ಆ ಡಬ್ಬಿಗೆ ಹಾಕಿ, ಎಳೆ ಎಲೆ ಕೊಟ್ಟು, ಆರೈಕೆ ಮಾಡುತ್ತಿದ್ದೆ. ಅದು ನಾನೇ ಮಾಡಿದ ನಿಯಮ, ನನ್ನ ಹೆಮ್ಮೆಯ ನಿಯಮ. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಅದನ್ನೇ ಮೊದಲು ಹೇಳಿಕೊಡುತ್ತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿಗೆ ಹೋದ ಹುಳಗಳಲ್ಲಿ ಒಂದೂ ಬದುಕಿ ಬರಲಿಲ್ಲ. ಪಾಪ, ದುರ್ಬಲ ಜೀವ, ಅಂತ ರಿಜಿಸ್ಟರಿನಲ್ಲಿ ಬರೆದು ಸುಮ್ಮನಾಗುತ್ತಿದ್ದೆ.

ಹೋದ ಆಗಸ್ಟಿನಲ್ಲಿ ನನಗೆ ಜ್ವರ ಬಂದು ಎರಡು ವಾರ ಮಲಗಿದ್ದೆನಲ್ಲ, ಆಗ ಕೋಣೆ ನೋಡಿಕೊಂಡವರು ಚೀಟಿ ಮೇಷ್ಟ್ರು. ಇವರನ್ನು ನೀನು ಒಂದೆರಡು ಸಲ ನೋಡಿರಬಹುದು. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಈಗ ನಮ್ಮಲ್ಲಿ ಪ್ರತಿ ಗಾಜಿನ ಪೆಟ್ಟಿಗೆಯ ಕೆಳಗಿನ ಚೀಟಿಯನ್ನು ಕೈಯಲ್ಲೇ ಬರೆಯುತ್ತಾರೆ. ಅಕ್ಷರ ನೋಡಿದರೆ ಒತ್ತು ಮುರಿದು ಬಾಯಿಗೆ ಹಾಕಿಕೊಳ್ಳೋಣ ಅನ್ನಿಸಬೇಕು. ಹೆಂಡತಿ ಹೋಗಿ ಒಂಬತ್ತು ವರ್ಷವಾಯಿತು. ಅದಿರಲಿ, ಅದು ಇಲ್ಲಿಗೆ ಸಂಬಂಧವಿಲ್ಲ.

ಆಸ್ಪತ್ರೆ ಡಬ್ಬಿಯಲ್ಲಿ ಆಗ ಒಂದು ಸೊರಗಿದ ಮರಿ ಇತ್ತು. ಮೇಷ್ಟ್ರಿಗೆ ನನ್ನ ನಿಯಮ ಗೊತ್ತಿಲ್ಲ. "ಇದಕ್ಕೆ ಕಾಲು ಚಾಚಕ್ಕೂ ಜಾಗ ಇಲ್ವಲ್ಲ" ಅಂತ ಅದನ್ನು ಬಿಸ್ಕತ್ತಿನ ಎತ್ತರದ ಭರಣಿಗೆ ಹಾಕಿ, ಒಳಗೆ ಉದ್ದನೆಯ ರೆಂಬೆ ನಿಲ್ಲಿಸಿದರು. ಕಡ್ಡಿಹುಳ ಪೊರೆ ಬಿಡುವಾಗ ತಲೆಕೆಳಗಾಗಿ ನೇತಾಡುತ್ತದೆ. ಮೈಯ ಎರಡು ಪಟ್ಟು ಎತ್ತರವಾದರೂ ಬೇಕು, ಇಲ್ಲದಿದ್ದರೆ ಪೊರೆಯೊಳಗೇ ಸಿಕ್ಕಿಕೊಂಡು ಸಾಯುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ! ದೊಡ್ಡ ಪಂಜರಕ್ಕೆ ಅದಕ್ಕೇ ಆಳೆತ್ತರದ ಜಾಲರಿ ಹಾಕಿಸಿದವಳು ನಾನೇ. ರೋಗಿಗೆ ಮಾತ್ರ ಗಿಡ್ಡ ಡಬ್ಬಿ ಸಾಕು ಅಂದುಕೊಂಡೆ.

ನಾನು ಜ್ವರ ಬಿಟ್ಟು ವಾಪಸು ಹೋದ ದಿನ ಭರಣಿಯಲ್ಲಿ ಒಂದು ಅದ್ಭುತ ಕೂತಿತ್ತು. ಬೆಂಕಿಕಡ್ಡಿಯಷ್ಟು ತೆಳು ಮೈ, ಎರಡು ಉದ್ದನೆಯ ಮೀಸೆ, ಬೆನ್ನ ಮೇಲೆ ಹೊಗೆಬಣ್ಣದ ರೆಕ್ಕೆ. ಇದೇ ನಮ್ಮ ಸಣಕಲ. ನಮ್ಮ ಹೆಣ್ಣುಗಳೋ ಹೆಬ್ಬೆರಳಷ್ಟು ದಪ್ಪ, ಮೈತುಂಬ ಮುಳ್ಳು, ಹಾರುವುದಿರಲಿ, ಬಿದ್ದರೆ ಸದ್ದಾಗುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ ನೀನು ಒಂದೇ ಮನೆಯವರು ಅಂತ ಪ್ರಾಣ ಹೋದರೂ ಹೇಳುತ್ತಿರಲಿಲ್ಲ.

ನಮ್ಮ ಮುಖ್ಯಸ್ಥೆ ಮೇಡಂ ಓಡಿ ಬಂದು ನೋಡಿ ಕುಣಿದೇಬಿಟ್ಟರು. "ಹೊಸ ಪ್ರಭೇದ! ನಮ್ಮ ಕೋಣೇಲಿ! ಎಲೆ ಜೊತೆ ಬಂದಿರಬೇಕು." ದೊಡ್ಡ ಸಂಗ್ರಹಾಲಯದ ತಜ್ಞರಿಗೆ ಅಂದೇ ಬರೆದರು. ಹೊಸ ಪ್ರಭೇದಕ್ಕೆ ಹೆಸರಿಡಬೇಕಾದರೆ ಒಂದನ್ನು ಸೂಜಿ ಚುಚ್ಚಿ, ಮಾದರಿ ಅಂತ ಪೆಟ್ಟಿಗೆಯಲ್ಲಿ ಶಾಶ್ವತವಾಗಿ ಇಡಬೇಕಂತೆ; ಆಮೇಲೆ ಬಂದವರೆಲ್ಲ ಅದನ್ನು ನೋಡಿ ಹೌದು ಅಲ್ಲ ಅನ್ನಬೇಕು. ತಾನಾಗಿ ಸತ್ತ ಹುಳದ ಬಣ್ಣ ಕಂದುತ್ತದೆ, ಹಾಗಾಗಿ ಜೀವಂತವಿರುವಾಗಲೇ ಆ ಕೆಲಸ ಆಗಬೇಕು. ತಜ್ಞರಿಗೆ ಬಿಡುವಿದ್ದದ್ದು ಮಾರ್ಚಿನಲ್ಲಿ. ಅಲ್ಲಿಯವರೆಗೆ ಸಣಕಲ ಒಂಟಿಯಾಗಿ ಗಾಜಿನ ಪೆಟ್ಟಿಗೆಯಲ್ಲಿರಬೇಕು, ಒಂದು ಕಾಲೂ ಮುರಿಯಬಾರದು, ಅಂತ ಅಪ್ಪಣೆಯಾಯಿತು.

ನಾನು ಖುಷಿಯಿಂದಲೇ ಹೂಂ ಅಂದೆ. ಆ ವಾರವೇ ಮೇಷ್ಟ್ರು ಚೀಟಿ ಬರೆಯಲು ಹಳೆಯ ರಿಜಿಸ್ಟರು ಕೇಳಿದರು, ಕೊಟ್ಟೆ. ಅರ್ಧ ಗಂಟೆ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮೆಲ್ಲಗೆ ಹೇಳಿದರು: "ನೋಡಿ, ಬೇಜಾರು ಮಾಡ್ಕೋಬೇಡಿ. ಸಣಕಲನಿಗಿಂತ ಮುಂಚೆ ಆಸ್ಪತ್ರೆ ಡಬ್ಬಿಗೆ ಹೋದೋರು ಹನ್ನೊಂದು. ಹನ್ನೊಂದಕ್ಕೂ ನೀವು ಒಂದೇ ಮಾತು ಬರ್ದಿದೀರಿ. ಮೈ ತೆಳು, ಮೀಸೆ ಉದ್ದ, ಬೆನ್ನ ಮೇಲೆ ಗಂಟು. ಹನ್ನೊಂದು ರೋಗಿಗಳಿಗೂ ಒಂದೇ ರೋಗ ಇರತ್ತಾ?"

ಚಿನಕುರುಳಿ, ನಾನು ರಿಜಿಸ್ಟರು ಕಿತ್ತುಕೊಂಡು ಓದಿದೆ; ಸಣಕಲನ ರೆಕ್ಕೆಯೂ ಮೊದಲು ಅದೇ ಗಂಟಾಗಿತ್ತು. ಅದು ರೋಗವಲ್ಲ. ಅವು ಗಂಡುಗಳು! ಸಾವಿರಾರು ಮೊಟ್ಟೆಗೊಮ್ಮೆ ಎಲ್ಲೋ ಒಂದು ಎಳೆ ತಪ್ಪಿ ಗಂಡು ಹುಟ್ಟುತ್ತಿತ್ತು. ಹುಟ್ಟಿದ ಪ್ರತಿ ಗಂಡನ್ನೂ ನಾನು ಮುತುವರ್ಜಿಯಿಂದ ಬೇರೆ ಮಾಡಿ, ಗಿಡ್ಡ ಡಬ್ಬಿಗೆ ಹಾಕಿ, ಪೊರೆ ಬಿಡಲಾಗದ ಹಾಗೆ ಮಾಡಿ ಕೊಂದಿದ್ದೆ. ಕಂಡವರಿಲ್ಲ ಅಂತ ಪುಸ್ತಕದವರು ಬರೆದದ್ದು ಅವರ ಮಾತು. ನಾನು ಹನ್ನೊಂದು ಸಲ ಕಂಡಿದ್ದೆ, ಹನ್ನೊಂದು ಸಲವೂ ಆರೈಕೆ ಮಾಡಿದ್ದೆ.

ಮೇಡಂಗೆ ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹತ್ತೊಂಬತ್ತು ವರ್ಷದಿಂದ ಹುಳದಮ್ಮ ಅಂತ ಕರೆಸಿಕೊಂಡವಳಿಗೆ ಹೆಣ್ಣು ಗಂಡು ಗೊತ್ತಾಗಲಿಲ್ಲ ಅಂತ ಟಿಕೆಟ್ ಅಕ್ಕ ಊರಿಗೆಲ್ಲ ಹಂಚುವುದನ್ನು ನೆನೆಸಿಕೊಂಡೇ ಬಾಯಿ ಕಟ್ಟಿತು. "ಪುರಾವೆ ಸಿಕ್ಕ ಮೇಲೆ ಹೇಳಿದ್ರಾಯ್ತು" ಅಂದೆ. ಮೇಷ್ಟ್ರು "ಪುರಾವೆ ಅಂದ್ರೆ ಮಕ್ಕಳು" ಅಂದರು.

ಆಗ ಶುರುವಾದದ್ದು ಸೋಮವಾರ. ಸಂಗ್ರಹಾಲಯಕ್ಕೆ ವಾರದ ರಜೆ, ಮೇಡಂ ಬರುವುದಿಲ್ಲ. ನಾನು ಸಣಕಲನನ್ನು ಪೆಟ್ಟಿಗೆಯಿಂದ ತೆಗೆದು, ಎಲೆಯ ಮೇಲೆ ಕೂರಿಸಿಕೊಂಡು, ದೊಡ್ಡ ಪಂಜರಕ್ಕೆ ಬಿಡುವುದು. ಇಬ್ಬರೂ ಸ್ಟೂಲು ಹಾಕಿಕೊಂಡು ಕಾಲು ಮುರಿಯದ ಹಾಗೆ ಕಾವಲು ಕೂರುವುದು. ಸಂಜೆಗೆ ವಾಪಸು ಪೆಟ್ಟಿಗೆಗೆ. ಚಿಲಕ ಹಾಕಿದ್ದು ಕಸ ಗುಡಿಸುವವರು ನುಗ್ಗಿ ಬಾಗಿಲು ತೆರೆದಿಟ್ಟು ಹೋಗಬಾರದು ಅಂತ. ಮೇಷ್ಟ್ರು ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದರು, ಎರಡು ಲೋಟ.

ಮೊದಲ ಸೋಮವಾರ ಸಣಕಲ ಮೂಲೆಯಲ್ಲಿ ನಿಂತು, ಗಾಳಿಯೇ ಇಲ್ಲದ ಕೋಣೆಯಲ್ಲಿ ಗಾಳಿಗೆ ತೂಗುವವನ ಹಾಗೆ ತೂಗಿದ. ಅಷ್ಟೇ. ನಾನು "ಇವನಿಗೆ ಧೈರ್ಯ ಸಾಲದು" ಅಂದೆ. ಮೇಷ್ಟ್ರು "ಅವನ ಕಷ್ಟ ನಿಮಗೇನು ಗೊತ್ತು, ನಲವತ್ತು ಜನ ಹೆಂಗಸರು, ಇವನೊಬ್ಬ" ಅಂದರು. ಎರಡನೇ ಸೋಮವಾರ ಅವನು ಹತ್ತಿ ಹೋಗಿ ಒಬ್ಬಳ ಬೆನ್ನ ಮೇಲೆ ಕೂತವನು ಸಂಜೆಯವರೆಗೂ ಇಳಿಯಲಿಲ್ಲ. ನಾನು ಚಪ್ಪಾಳೆ ತಟ್ಟಿಬಿಟ್ಟೆ.

"ಮುಗೀತಲ್ಲ? ಇಬ್ಬರೂ ಒಂದೇ ಪ್ರಭೇದ" ಅಂದೆ.

"ಎಲ್ಲಿ ಮುಗೀತು? ಕುದುರೆ ಕತ್ತೆನೂ ಸೇರ್ತಾವೆ. ಹೇಸರಗತ್ತೆ ಹುಟ್ಟತ್ತೆ, ಆದ್ರೆ ಅದಕ್ಕೆ ಮಕ್ಕಳಾಗಲ್ಲ. ಸೇರಿದ್ರೆ ಸಾಲದು, ಮಕ್ಕಳಾಗಬೇಕು, ಆ ಮಕ್ಕಳಿಗೂ ಮಕ್ಕಳಾಗಬೇಕು. ಆಗ ಒಂದೇ ಪ್ರಭೇದ."

"ಸೇರಿ ಮಕ್ಕಳಾದ್ರೆ ಒಂದೇ ಪ್ರಭೇದ ಅಂತೀರಿ. ಇಷ್ಟು ವರ್ಷ ಇವರು ಯಾರ ಜೊತೇನೂ ಸೇರೇ ಇಲ್ವಲ್ಲ. ಹಂಗಾದ್ರೆ ಈ ಪಂಜರದಲ್ಲಿ ನಲವತ್ತು ಹೆಣ್ಣು, ನಲವತ್ತು ಪ್ರಭೇದನಾ?"

ಮೇಷ್ಟ್ರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ಮೂವತ್ತು ವರ್ಷ ಪಾಠ ಮಾಡಿದೀನಿ, ಒಬ್ಬ ಹುಡುಗನೂ ಇದನ್ನ ಕೇಳಲಿಲ್ಲ" ಅಂದರು. ಕೇಳಿಸಿಕೊಂಡ ನನಗೆ ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. ಅದೂ ಇರಲಿ.

ಮೊಟ್ಟೆಗಳಾದವು. ಆದರೆ ಈ ಹೆಂಗಸರು ಯಾರಿಲ್ಲದಿದ್ದರೂ ಮೊಟ್ಟೆ ಇಡುವವರು. ಮೊಟ್ಟೆ ಏನನ್ನೂ ಸಾಬೀತು ಮಾಡುವುದಿಲ್ಲ. ಒಂಟಿ ಹೆಣ್ಣಿನ ಮೊಟ್ಟೆಯಿಂದ ಹೆಣ್ಣೇ ಬರುತ್ತದೆ, ಗಂಡು ಬರುವುದು ಸಾವಿರಾರಕ್ಕೊಂದು. ಇವುಗಳಲ್ಲಿ ಗಂಡುಗಳು ಸಾಲುಗಟ್ಟಿ ಬಂದರೆ ಮಾತ್ರ ಸಣಕಲ ಅಪ್ಪ ಅಂತ ಗೊತ್ತಾಗುವುದು. ಸಣಕಲ ಕೂತಿದ್ದ ಹೆಣ್ಣನ್ನು ಬೇರೆ ಪಂಜರಕ್ಕೆ ಹಾಕಿ, ಅವಳ ಮೊಟ್ಟೆಗಳನ್ನು ಬೇರೆ ತಟ್ಟೆಯಲ್ಲಿಟ್ಟೆ. ಮೇಷ್ಟ್ರು ಅದರ ಮೇಲೆ ಮುತ್ತಿನಂಥ ಅಕ್ಷರದಲ್ಲಿ "ಸೋಮವಾರದ ಮಕ್ಕಳು" ಅಂತ ಬರೆದು ಅಂಟಿಸಿದರು. ಡಿಸೆಂಬರಿನಲ್ಲಿ ಮರಿ ಒಡೆದವು, ಮೂವತ್ತಾರು. ಎಲ್ಲ ಒಂದೇ ಥರ, ದಾರದ ತುಂಡಿನ ಹಾಗೆ. ಜನವರಿ ಕಳೆಯಿತು, ಏನೂ ಕಾಣಲಿಲ್ಲ. ನಾನು ದಿನಾ ಭೂತಗನ್ನಡಿ ಹಿಡಿದು ಬೆನ್ನು ತಡಕುವುದು, ಮೇಷ್ಟ್ರು ದಿನಾ "ಇನ್ನೂ ಇಲ್ವಾ?" ಅನ್ನುವುದು. ಸಣಕಲನಿಗೋ ವಯಸ್ಸಾಗುತ್ತಿತ್ತು. ಮೇಡಂ ಹೊರಗೆ ಬ್ಯಾನರು ಕಟ್ಟಿಸಿದರು: ಲೋಕಕ್ಕೆ ಹೊಸ ಪ್ರಭೇದ, ನಮ್ಮ ಕೊಡುಗೆ. ಫೆಬ್ರವರಿಯ ಕೊನೆಯ ವಾರ, ಮೂರನೇ ಪೊರೆ ಬಿಟ್ಟ ಮೇಲೆ, ಒಂದರ ಬೆನ್ನ ಮೇಲೆ ಗಂಟು ಕಂಡಿತು. ಮಾರನೇ ದಿನ ಇನ್ನೊಂದು. ವಾರದೊಳಗೆ ಎಣಿಸಿದೆ: ಹದಿನೇಳು ಗಂಡು, ಹತ್ತೊಂಬತ್ತು ಹೆಣ್ಣು.

ಮೊನ್ನೆ ಮಂಗಳವಾರ ಮಧ್ಯಾಹ್ನ ತಜ್ಞರು ಬಂದರು. ನಾವೆಲ್ಲ ಬೆನ್ನ ಹಿಂದೆ ಸೂಜಿ ಡಾಕ್ಟ್ರು ಅನ್ನುತ್ತೇವೆ. ಎಪ್ಪತ್ತು ದಾಟಿದ, ಕಿವಿಯಲ್ಲಿ ಕೂದಲಿರುವ, ನಗದ ಮನುಷ್ಯ. ಮೇಡಂ ಕೋಣೆಯಲ್ಲಿ ಮೇಜಿನ ಮೇಲೆ ಸೂಜಿ ಪೆಟ್ಟಿಗೆ ಬಿಚ್ಚಿಟ್ಟು "ನಾಳೆ ಬೆಳಗ್ಗೆ ಬೆಳಕು ಚೆನ್ನಾಗಿರತ್ತೆ, ಎಂಟು ಗಂಟೆಗೆ ಮುಗಿಸೋಣ" ಅಂದರು. ಟಿಕೆಟ್ ಅಕ್ಕ ಕಾಫಿ ತಂದ ನೆಪದಲ್ಲಿ ನಿಂತೇ ಇದ್ದಳು. ಮೇಷ್ಟ್ರು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದೆ. ಹೇಳಬೇಕಾದವಳು ನಾನು.

ಹೇಳಿದೆ ಕಣೇ. ಈ ಕಾಗದದಲ್ಲಿ ನಿನಗೆ ಹೇಳಿದ ಹಾಗೇ, ಡಬ್ಬಿ, ಹನ್ನೊಂದು ಸಾವು, ಸೋಮವಾರ, ಎಲ್ಲ. ರಿಜಿಸ್ಟರನ್ನು ಬಿಡಿಸಿಟ್ಟು ನನ್ನ ಕೈಬರಹವನ್ನು ನಾನೇ ಓದಿದೆ. ಕೊನೆಗೆ ಮೂವತ್ತಾರು ಮಕ್ಕಳ ತಟ್ಟೆಯನ್ನು ತಂದು ಸೂಜಿ ಪೆಟ್ಟಿಗೆಯ ಪಕ್ಕ ಇಟ್ಟೆ.

ಮೇಡಂ ಮುಖ ಕೆಂಪಾಯಿತು. "ನನ್ನ ಮಾತು ಮೀರಿ ಅದನ್ನ ಹೊರಗೆ ಬಿಟ್ರಾ? ಬ್ಯಾನರ್ ಕಟ್ಟಿಸಿದೀನಲ್ರೀ! ಈಗ ನಾನೇನು ಮಾಡ್ಲಿ?"

"ತಪ್ಪಾಯ್ತು ಮೇಡಂ. ಅದಕ್ಕೆ ಏನು ಶಿಕ್ಷೆ ಕೊಟ್ರೂ ತಗೋತೀನಿ. ಸೂಜಿ ಮಾತ್ರ ಬೇಡ. ಇವನು ಹೊಸಬನಲ್ಲ, ನಮ್ಮ ಮನೆಯವನೇ."

ಸೂಜಿ ಡಾಕ್ಟ್ರು ಒಂದೊಂದು ಮರಿಯನ್ನೂ ಭೂತಗನ್ನಡಿಯ ಕೆಳಗಿಟ್ಟು ನೋಡಿದರು. ಗಡಿಯಾರ ಅರ್ಧ ಸುತ್ತು ಸುತ್ತಿತು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಗಂಡು ನವಿಲನ್ನೂ ಹೆಣ್ಣು ನವಿಲನ್ನೂ ಮೊದಲ ಸಲ ನೋಡೋನು ಎರಡು ಬೇರೆ ಹಕ್ಕಿ ಅಂತಾನೆ, ಅಲ್ವೇ?" ಅಂದರು. ಮೇಷ್ಟ್ರು ಬಿಡುತ್ತಾರೆಯೇ, ನನ್ನ ನಲವತ್ತು ಪ್ರಭೇದದ ಪ್ರಶ್ನೆಯನ್ನು ಅವರ ಮುಂದೆ ಇಟ್ಟರು, ನನ್ನ ಹೆಸರು ಹೇಳಿಯೇ ಇಟ್ಟರು. ಆಗ ಆ ಮನುಷ್ಯ ನಕ್ಕರು! "ಅಮ್ಮಾ, ಅದಕ್ಕೆ ಸರಿಯಾದ ಉತ್ತರ ಯಾರ ಹತ್ರಾನೂ ಇಲ್ಲ. ಸೇರೋ ಜೀವಿಗಳಿಗೆ ಒಂದು ಅಳತೆ, ಒಂಟಿಯಾಗಿ ಹೆರೋ ಜೀವಿಗಳಿಗೆ ಇನ್ನೊಂದು. ರೂಪ ನೋಡ್ತೀವಿ, ವಂಶ ನೋಡ್ತೀವಿ, ಜಗಳ ಆಡ್ತೀವಿ. ಪ್ರಕೃತಿ ನಮ್ಮ ಚೀಟಿ ಓದ್ಕೊಂಡು ಮಕ್ಕಳು ಮಾಡಲ್ಲ ನೋಡಿ."

"ಹಾಗಾದ್ರೆ ಸಣಕಲ?" ಅಂದೆ.

"ಈ ಗಂಡುಮಕ್ಕಳಿಗೂ ಮಕ್ಕಳಾಗ್ತಾವಾ ಅಂತ ನೋಡೋವರೆಗೆ ಯಾರನ್ನೂ ಚುಚ್ಚೋ ಹಾಗಿಲ್ಲ. ಹೊಸ ಹೆಸರಂತೂ ಇಲ್ಲ" ಅಂದು ಸೂಜಿ ಪೆಟ್ಟಿಗೆಯ ಮುಚ್ಚಳ ಹಾಕಿದರು. ಮೇಡಂ ಎದ್ದು ಹೊರಗೆ ಹೋದರು. ಆ ಇರುಳು ನನಗೆ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆದರೆ ಸುಳ್ಳು ಹೇಳಿದರೆ ನಿನಗೆ ತಿಳಿಯುತ್ತದೆ, ಹಾಗಾಗಿ ಹೇಳುತ್ತೇನೆ: ಕಲ್ಲಿನ ಹಾಗೆ ನಿದ್ದೆ ಮಾಡಿದೆ.

ಮಾರನೇ ಬೆಳಗ್ಗೆ ಹೋದಾಗ ಬ್ಯಾನರು ಇರಲಿಲ್ಲ. ಮೇಡಂ ತಾವೇ ಏಣಿ ಹತ್ತಿ ಬಿಚ್ಚಿದರಂತೆ. ಕೈಗೆ ಧೂಳು ಅಂಟಿತ್ತು. ಸೂಜಿ ಡಾಕ್ಟ್ರು ಒಂಬತ್ತರ ರೈಲು ಬಿಟ್ಟು ನನ್ನ ಸ್ಟೂಲಿನ ಮೇಲೆ ಕೂತು ರಿಜಿಸ್ಟರನ್ನು ಮೊದಲ ಪುಟದಿಂದ ನಕಲು ಮಾಡಿಕೊಳ್ಳುತ್ತಿದ್ದರು. ಟಿಕೆಟ್ ಅಕ್ಕ ಕೌಂಟರು ಬಿಟ್ಟು ಬಂದು, ಹೊರಗೆ ಸಾಲು ನಿಂತವರಿಗೆಲ್ಲ "ಐದು ನಿಮಿಷ ತಡೀರಿ, ಒಳಗೆ ಗೃಹಪ್ರವೇಶ" ಅನ್ನುತ್ತಿದ್ದಳು. ಮೇಡಂ ಸಣಕಲನ ಪೆಟ್ಟಿಗೆಯ ಬೀಗ ತೆಗೆದು, ನನ್ನ ಮುಖ ನೋಡದೆ, "ನೀವೇ ಬಿಡಿ" ಅಂದರು. ನಾನು "ನೀವೇ ಬಿಡಿ ಮೇಡಂ" ಅಂದೆ. ಅವರು ಹುಳ ಮುಟ್ಟಿದ್ದು ಅದೇ ಮೊದಲು. ಸಣಕಲ ಅವರ ತೋಳಿನ ಮೇಲೆ ಮೊಣಕೈವರೆಗೂ ಹತ್ತಿ, ಅಲ್ಲಿಂದ ರೆಕ್ಕೆ ಬಿಚ್ಚಿ ಹಾರಿ, ದೊಡ್ಡ ಪಂಜರದ ನಟ್ಟನಡುವೆ ಹೋಗಿ ಕೂತ. ಮೇಡಂ ಚಿಕ್ಕ ಹುಡುಗಿಯ ಹಾಗೆ ಕಿರುಚಿ, ಆಮೇಲೆ ನಕ್ಕು, "ಆ ಗಿಡ್ಡ ಡಬ್ಬಿ ಮಾತ್ರ ಇವತ್ತೇ ಬಿಸಾಡಿ" ಅಂದು ಹೋದರು.

ಆರೋಗ್ಯ ನೋಡಿಕೋ. ಹೊತ್ತು ಹೊತ್ತಿಗೆ ಉಣ್ಣು.

ನಿನ್ನ ಪ್ರೀತಿಯ
ಅಮ್ಮ

ಮರೆತಿದ್ದೆ: ಸಣಕಲನ ಕೆಲಸ ಎರಡನೇ ಸೋಮವಾರಕ್ಕೇ ಮುಗಿದಿತ್ತು. ಹೆಣ್ಣನ್ನೂ ಬೇರೆ ಹಾಕಿಯಾಗಿತ್ತು. ಆಮೇಲೂ ನಾವು ಇಪ್ಪತ್ತೊಂದು ಸೋಮವಾರ ಕಾವಲು ಕೂತೆವು. ನಿನ್ನೆ ಸಂಜೆ ಮೇಷ್ಟ್ರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, ಇನ್ನು ಮುಂದೆ ಹುಳದ ನೆಪ ಬೇಡ, ಮದುವೆಯಾಗೋಣವೇ ಅಂತ ಕೇಳಿದರು. ಮಗಳನ್ನು ಕೇಳಿ ಹೇಳುತ್ತೇನೆ ಅನ್ನಬೇಕು ಅಂತಲೇ ಬಾಯಿ ತೆರೆದೆ. ಬಂದದ್ದು ಹೂಂ. ಈಗ ಕೇಳುತ್ತಿದ್ದೇನೆ.